ಒಂದು ಒಲೆ, ಮೂರು ಮಡಕೆ

ತೆರಕಣಾಂಬಿಯ ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕಡೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಲ್ಯಾಪ್‌ಟಾಪ್ ಕೊಳ್ಳುವವನಿಗೆ ಈ ಸೌಕರ್ಯಗಳಲ್ಲಿ ಒಂದೂ ಇಲ್ಲ. ಅಂಗಡಿಯಲ್ಲಿ ಸಾಲಾಗಿ ತೆರೆದಿಟ್ಟ ಯಂತ್ರಗಳೆಲ್ಲಕ್ಕೂ ಒಂದೇ ಮುಖ, ಒಂದೇ ಹೊಳಪು. ಹೊಟ್ಟೆಯೊಳಗೆ ಏನಿದೆಯೆಂಬುದು ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ, ನಿಜ. ಆದರೆ ಆ ಚೀಟಿಯ ಭಾಷೆ ಮಾರುವವನಿಗೂ ಪೂರ್ಣವಾಗಿ ತಿಳಿದಿರುವುದಿಲ್ಲ.

ಚಾಮರಾಜನಗರದಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುವ ಗೃಹಸ್ಥರೊಬ್ಬರ ಮನೆಯಲ್ಲಿ 2025ರ ಬೇಸಗೆಯ ಎರಡು ತಿಂಗಳು ಈ ಚೀಟಿಗಳ ವ್ಯಾಸಂಗವೇ ನಡೆಯಿತು. ಅವರ ಹಳೆಯ ಲ್ಯಾಪ್‌ಟಾಪ್ 2009ರಲ್ಲಿ ಕೊಂಡದ್ದು. ಮುಚ್ಚಳದ ಕೀಲು ಸಡಿಲಗೊಂಡು ಹಿಂಬದಿಗೆ ಇಟ್ಟಿಗೆಯ ಆಸರೆ ಬಂದು ಮೂರು ವರ್ಷವಾಗಿತ್ತು. ಬ್ಯಾಟರಿ ಪ್ರಾಣ ಬಿಟ್ಟು ಐದು ವರ್ಷ. ಇವೆಲ್ಲವನ್ನೂ ಯಜಮಾನರು ಸಹಿಸಿದ್ದರು. ಆದರೆ ಯುಗಾದಿ ಕಳೆದ ಮೇಲೆ ಒಳಗಿನ ಹಾರ್ಡ್ ಡಿಸ್ಕಿನಿಂದ ಗೋಡೆಯ ಹಲ್ಲಿ ಲೊಚಗುಟ್ಟಿದಂತೆ ಸದ್ದು ಬರತೊಡಗಿತು. ಹಲ್ಲಿಯ ಶಕುನಕ್ಕೆ ಪಂಚಾಂಗದಲ್ಲಿ ಒಳ್ಳೆಯ ಫಲವೂ ಉಂಟು, ಕೆಟ್ಟ ಫಲವೂ ಉಂಟು. ಹಾರ್ಡ್ ಡಿಸ್ಕಿನ ಶಕುನಕ್ಕೆ ಫಲ ಒಂದೇ.

ಆ ಡಿಸ್ಕಿನಲ್ಲಿದ್ದದ್ದು ಹದಿನಾರು ವರ್ಷಗಳ ಅನ್ನ. ಮದುವೆಯ ಕರೆಯೋಲೆಗಳು, ಗೃಹಪ್ರವೇಶದ ಕಾರ್ಡುಗಳು, ತಿಥಿಯ ಪತ್ರಗಳು, ಸಂಘಗಳ ವಾರ್ಷಿಕ ವರದಿಗಳು. ‘ಶ್ರೀ ಮಲೆ ಮಹದೇಶ್ವರ ಪ್ರಸನ್ನ’ ಎಂದು ಆರಂಭವಾಗುವ ಲಗ್ನಪತ್ರಿಕೆಗಳೇ ಸಾವಿರಕ್ಕೆ ಮೇಲ್ಪಟ್ಟು. ಅಣ್ಣನ ಮದುವೆಗೆ ಅಚ್ಚು ಹಾಕಿಸಿದವರು ತಮ್ಮನ ಮದುವೆಗೂ ಬರುತ್ತಾರೆ. “ಅದೇ ಇರಲಿ ಸ್ವಾಮಿ, ಹೆಸರು ತಾರೀಖು ಬದಲಾಯಿಸಿ” ಎನ್ನುತ್ತಾರೆ. ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ರಥೋತ್ಸವದ ದಿನ ಮಜ್ಜಿಗೆ ಪಾನಕ ಹಂಚುವ ಗೆಳೆಯರ ಬಳಗವೊಂದು ಪ್ರತಿವರ್ಷ ಇವರಲ್ಲೇ ಕರಪತ್ರ ಮಾಡಿಸುತ್ತದೆ. ಬೇರೆಡೆ ಆಷಾಢವೆಂದರೆ ನವದಂಪತಿಗಳಿಗೆ ವಿರಹದ ಮಾಸ. ಈ ಊರಿನಲ್ಲಿ ಅವರು ಜೊತೆಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವ ನಿಂತುಹೋಯಿತು. ಹೊಸ ತೇರು ಕಟ್ಟಿ 2022ರಲ್ಲಿ ಮತ್ತೆ ಎಳೆದಾಗ, ಬಳಗದವರು ಹಳೆಯ ಕರಪತ್ರವನ್ನೇ ಕೇಳಿಕೊಂಡು ಬಂದರು. ಯಜಮಾನರು ಅದನ್ನು ಅರ್ಧ ನಿಮಿಷದಲ್ಲಿ ತೆರೆದು ತೋರಿಸಿದರು. ಆ ಅರ್ಧ ನಿಮಿಷವೇ ಅವರ ವ್ಯಾಪಾರದ ಬಂಡವಾಳ.

ಹಾಗಾದರೆ ಅವನ್ನೆಲ್ಲ ಹೊಸ ಯಂತ್ರಕ್ಕೆ ನಕಲು ಮಾಡಿಕೊಂಡರೆ ಮುಗಿಯಿತಲ್ಲ ಎಂದು ವಾಚಕರು ಕೇಳಬಹುದು. ನಕಲು ಮಾಡುವುದು ಸುಲಭ, ತೆರೆಯುವುದು ಕಷ್ಟ. ಕಡತಗಳೆಲ್ಲ ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಸಿದ್ಧವಾದವು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕಡೆಯ ಆವೃತ್ತಿ. ಹೊಸ ವಿಂಡೋಸಿನಲ್ಲಿ ಅದು ನಡೆದರೆ ನಡೆಯಿತು, ಮುನಿದರೆ ಕೇಳುವವರಿಲ್ಲ. ಅದರ ಮೇಲೆ ಅಕ್ಷರದ ತೊಡಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಅಕ್ಷರಗಳು ಇಂಗ್ಲಿಷ್ ಮೊದಲಾದ ಲಿಪಿಗಳ ಅಕ್ಷರಗಳಿಗೆಂದು ಕಾದಿರಿಸಿದ ಮನೆಗಳಲ್ಲಿ ಬಾಡಿಗೆಗೆ ಕುಳಿತ ಕನ್ನಡದ ತುಂಡುಗಳು. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ ತೆರೆದರೆ ವಧೂವರರ ಹೆಸರು ಪಿಶಾಚಭಾಷೆಯಂತೆ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ದೊರೆತಿತ್ತು. ಆದರೆ ಪೇಜ್‌ಮೇಕರ್ ಆ ಬೀದಿಗೆ ಕಾಲಿಡಲೇ ಇಲ್ಲ.

ಇತ್ತ ಗಿರಾಕಿಗಳು ಕಾಲಕ್ಕೆ ತಕ್ಕಂತೆ ಬದಲಾಗಿದ್ದರು. ಈಗ ಒಕ್ಕಣೆ ಬರುವುದು ಕಾಗದದಲ್ಲಲ್ಲ, ವಾಟ್ಸಾಪಿನಲ್ಲಿ, ಅದು ಯೂನಿಕೋಡ್. ಅದನ್ನು ಹಳೆಯ ನುಡಿಯ ಸಂಕೇತಕ್ಕೆ ಪರಿವರ್ತಿಸಿ ಪೇಜ್‌ಮೇಕರಿಗೆ ಉಣಿಸಬೇಕು. ಪರಿವರ್ತನೆಯಲ್ಲಿ ಒಮ್ಮೊಮ್ಮೆ ಅರ್ಕಾವೊತ್ತು ದಾರಿ ತಪ್ಪಿ ಪಕ್ಕದ ಅಕ್ಷರದ ಮನೆಗೆ ಹೋಗುವುದೂ ಉಂಟು. ತೆರಿಗೆಯ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲಕ್ಕೂ ಹೊಸ ವಿಂಡೋಸ್ ಬೇಕು. ಹಳೆಯ ಯಂತ್ರದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲ್ 8ರಂದೇ ಮುಗಿದಿದ್ದರಿಂದ ಅದನ್ನು ಅಂತರಜಾಲಕ್ಕೆ ಬಿಡುವುದೆಂದರೆ ಬಾಗಿಲಿಗೆ ಅಗುಳಿ ಇಲ್ಲದೆ ಮಲಗಿದಂತೆ. ಇವೆರಡೂ ಸಾಲದೆಂಬಂತೆ ಮೂರನೆಯದೊಂದಿತ್ತು. ಮಗಳು ಊರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದ ಕಂಪ್ಯೂಟರ್ ವಿದ್ಯಾರ್ಥಿನಿ. ಅವಳ ಅಭ್ಯಾಸಕ್ಕೆ ಲಿನಕ್ಸ್ ಬೇಕು. ಕಾಲೇಜಿನ ಪ್ರಯೋಗಶಾಲೆ ಸಂಜೆ ಮುಚ್ಚಿದರೆ ಅವಳ ಅಭ್ಯಾಸವೂ ಮುಚ್ಚುತ್ತಿತ್ತು.

ಯಜಮಾನರ ಮೊದಲ ತೀರ್ಮಾನ ಸರಳವಾಗಿತ್ತು. ಮೈಸೂರಿನಲ್ಲಿ 15,000 ರೂಪಾಯಿಗೆ ಹಳೆಯ ಯಂತ್ರವೊಂದು ಸಿಗುತ್ತದೆ. ಅದರಲ್ಲಿ ಎಕ್ಸ್‌ಪಿ ಹಾಕಿಸಿಕೊಂಡರೆ ಅಂಗಡಿ ನಡೆಯುತ್ತದೆ. ಈ ಮಾತನ್ನು ಅವರು ಸಾರಿನ ಅನ್ನ ಕಲಸುತ್ತ ಹೇಳಿದರು. ಮಗಳು ಏನೂ ಹೇಳದೆ ಎದ್ದು ತಟ್ಟೆ ತೊಳೆಯಲು ಹೋದಳು. ಮಾತಾಡುವ ಮಕ್ಕಳ ಮೌನ ತಂದೆತಾಯಿಗಳಿಗೆ ದೊಡ್ಡ ಗದ್ದಲ.

“ಹಳೇದು ಹೋಗ್ತಿದೆ ಅಂತ ಇನ್ನೊಂದು ಹಳೇದನ್ನೇ ತರ್ತೀರಾ? ಅದೂ ಮೂರು ವರ್ಷಕ್ಕೆ ಲೊಚಗುಟ್ಟುತ್ತೆ ಕಣ್ರೀ” ಎಂದರು ಮನೆಯಾಕೆ.

ಆ ರಾತ್ರಿ ಮಗಳು ಕಾಗದ ಹಿಡಿದು ಬಂದು ಕುಳಿತಳು. ಒಂದೇ ಯಂತ್ರದಲ್ಲಿ ಹಲವು ಆಪರೇಟಿಂಗ್ ಸಿಸ್ಟಮ್‌ಗಳನ್ನು ಇಡುವ ಮಾರ್ಗಗಳು ಎರಡು. ಮೊದಲನೆಯದು ಡಿಸ್ಕನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಂದೊಂದನ್ನು ಕೂರಿಸುವುದು. ಇದರಲ್ಲಿ ಒಬ್ಬ ಎದ್ದರೆ ಇನ್ನೊಬ್ಬ ಮಲಗಬೇಕು. ಗಿರಾಕಿ ಎದುರಿಗೆ ಕುಳಿತಿರುವಾಗ ಒಕ್ಕಣೆ ಪರಿವರ್ತಿಸಲು ಒಮ್ಮೆ, ಅಚ್ಚಿಗೆ ಜೋಡಿಸಲು ಒಮ್ಮೆ ಯಂತ್ರವನ್ನು ಆರಿಸಿ ಹೊತ್ತಿಸುವುದು ಆಗದ ಮಾತು. ಅಲ್ಲದೆ ಎಕ್ಸ್‌ಪಿಗೆ ಇಂದಿನ ಯಂತ್ರದ ಬಿಡಿಭಾಗಗಳ ಗುರುತೇ ಇಲ್ಲ. ಎರಡನೆಯದು ವರ್ಚುಯಲ್ ಮೆಷೀನ್. ಹೊಸ ವಿಂಡೋಸ್ ಮನೆಯ ಯಜಮಾನ. ಎಕ್ಸ್‌ಪಿ ಮತ್ತು ಲಿನಕ್ಸ್ ಅತಿಥಿಗಳು. ತಂತ್ರಾಂಶವೊಂದು ಅತಿಥಿಗೆ ಹಳೆಯ ಕಾಲದ ಯಂತ್ರದ ವೇಷವನ್ನು ತೋರಿಸುತ್ತದೆ. ಅದನ್ನೇ ನಿಜವೆಂದು ನಂಬಿ ಅತಿಥಿ ತನ್ನ ಕೋಣೆಯಲ್ಲಿ ಸುಖವಾಗಿರುತ್ತಾನೆ. ಉಪಾಯ ಹೊಸದಲ್ಲ, ಐ.ಬಿ.ಎಂ. ಸಂಸ್ಥೆ 1972ರಲ್ಲೇ ತನ್ನ ಬೃಹದ್ಯಂತ್ರಗಳಿಗೆ ಇದನ್ನು ಮಾರಿತ್ತು. ಎಕ್ಸ್‌ಪಿಯ ಕೋಣೆಗೆ ಅಂತರಜಾಲದ ಬಾಗಿಲನ್ನೇ ಇಡದಿದ್ದರೆ ಅಗುಳಿಯ ಚಿಂತೆಯೂ ಇಲ್ಲ.

ಈ ಮಾತುಗಳ ನಡುವೆ ಗುಂಡ್ಲುಪೇಟೆಯ ಅಜ್ಜಿ ಬಂದಿದ್ದರು. ಅವರ ಹೊಲದಲ್ಲಿ ಒಂದು ಕಡೆ ಅರಿಸಿನ, ರಸ್ತೆಯ ಕಡೆ ಚೆಂಡುಹೂ. ಹೂ ಬಿಟ್ಟಾಗ ಊಟಿಗೆ ಹೋಗುವವರೆಲ್ಲ ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ; ಅಜ್ಜಿಗೆ ಅದರಿಂದ ಒಂದು ಕಾಸೂ ಇಲ್ಲ. ಮೊಮ್ಮಗಳ ವಿವರಣೆಯನ್ನೆಲ್ಲ ಎಲೆಯಡಿಕೆ ಜಗಿಯುತ್ತ ಕೇಳಿ ಅವರೆಂದರು:

“ಒಂದು ಒಲೆ ಮ್ಯಾಲೆ ಮೂರು ಮಡಕೆ ಇಕ್ತೀನಿ ಅಂತೀಯಲ್ಲ ಮಗ, ಸೌದೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀಯಾ?”

ಪ್ರಶ್ನೆಯೆಂದರೆ ಇದೇ. ಸೌದೆಯೆಂಬುದು ಇಲ್ಲಿ ರ‍್ಯಾಮ್ ಎಂಬ ಸ್ಮೃತಿ. ವಿಂಡೋಸ್ 11ಕ್ಕೆ ತಯಾರಕರು ಹೇಳುವ ಕನಿಷ್ಠ 4 ಜಿ.ಬಿ.; ಕನಿಷ್ಠದಲ್ಲಿ ಸಂಸಾರ ಮಾಡಿದವರಿಗೆ ಅದರ ಕಷ್ಟ ಗೊತ್ತು, 8 ಎಂದಿಟ್ಟುಕೊಳ್ಳುವುದು ಲೇಸು. ಲಿನಕ್ಸಿಗೆ, ಅದರೊಳಗೆ ಮಗಳು ನಡೆಸುವ ಪ್ರಯೋಗಗಳಿಗೆ ಇನ್ನೊಂದು 8. ಎಕ್ಸ್‌ಪಿ ಮಾತ್ರ ಹಿಂದಿನ ಕಾಲದ ಮಿತಾಹಾರಿ. ಅದಕ್ಕೆ 1 ಜಿ.ಬಿ. ಕೊಟ್ಟರೆ ತೇಗುತ್ತದೆ. ಮೂರೂ ಸೇರಿದರೆ 16 ಸಾಲದು, 32 ಇದ್ದರೆ ನೆಮ್ಮದಿ. ಪ್ರೊಸೆಸರಿಗೆ ಎಂಟು ಕೋರುಗಳಾದರೂ ಇದ್ದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕಾಯಬೇಕಿಲ್ಲ. ಅತಿಥಿಯೊಬ್ಬೊಬ್ಬನ ಡಿಸ್ಕೂ ಒಂದು ದೊಡ್ಡ ಕಡತವಾದ್ದರಿಂದ 1 ಟಿ.ಬಿ. ಎಸ್.ಎಸ್.ಡಿ. ಬೇಕು. ಎಕ್ಸ್‌ಪಿ ಹುಟ್ಟಿದ್ದು ಇಂಟೆಲ್, ಎ.ಎಂ.ಡಿ. ಜಾತಿಯ ಪ್ರೊಸೆಸರುಗಳಿಗಾಗಿ; ಬ್ಯಾಟರಿ ಬಹಳ ಹೊತ್ತು ಬರುತ್ತದೆಂದು ಹೊಗಳಿಸಿಕೊಳ್ಳುವ ಎ.ಆರ್.ಎಂ. ಜಾತಿಯ ಯಂತ್ರಗಳಲ್ಲಿ, ಆಪಲ್ಲಿನ ಹೊಸ ಮ್ಯಾಕ್‌ಬುಕ್‌ಗಳಲ್ಲಿ ಸಹ, ಅದು ಕುಂಟುತ್ತ ನಡೆಯಬೇಕಷ್ಟೆ.

ಇನ್ನೂ ಒಂದು ಸಂಗತಿಯನ್ನು ಚೀಟಿ ಹೇಳುವುದೇ ಇಲ್ಲ: ರ‍್ಯಾಮನ್ನು ಮುಂದೆ ಹೆಚ್ಚಿಸಬಹುದೋ ಇಲ್ಲವೋ ಎಂಬುದು. ಇಂದಿನ ತೆಳ್ಳನೆಯ ಸುಂದರಿಯರಲ್ಲಿ ಬಹುಮಂದಿಗೆ ಅದನ್ನು ಹಲಗೆಗೇ ಬೆಸೆದುಬಿಟ್ಟಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಸಾಯುವ ದಿನವೂ ಅಷ್ಟೆ.

ಮೈಸೂರಿನ ಅಂಗಡಿಯೊಂದರ ತರುಣನಿಗೆ ಇವರ ಅಗತ್ಯ ತಿಳಿಯಲಿಲ್ಲ. ‘ಪವರ್‌ಫುಲ್’ ಎಂಬ ಒಂದು ಮಾತು ಕಿವಿಗೆ ಬಿದ್ದೊಡನೆ ಅವನು ಆಟಗಾರರ ಯಂತ್ರವನ್ನು ಮುಂದಿಟ್ಟ. ಕೀಲಿಮಣೆಯ ಕೆಳಗೆ ಮಾರಮ್ಮನ ಹಬ್ಬದ ದೀಪಗಳಂತೆ ಏಳು ಬಣ್ಣ, ಬೆಲೆ 1,12,000. ಅದರ ಬೆಲೆಯಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು, ಲಗ್ನಪತ್ರಿಕೆಯ ಗಣಪತಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಮಗಳ ಕಣ್ಣು ತೆಳ್ಳನೆಯದೊಂದರ ಮೇಲೆ ಬಿದ್ದಿತು. ಎತ್ತಿ ನೋಡಿದಳು, ಹೂವಿನಷ್ಟು ಹಗುರ. ಹಿಂಬದಿಯ ವಿವರ ಓದಿ, ರ‍್ಯಾಮ್ ಬೆಸೆದದ್ದೆಂದು ತಿಳಿದು, ಮೆಲ್ಲನೆ ಕೆಳಗಿಟ್ಟಳು. ಕಡೆಗೆ ಆರಿಸಿದ್ದು ಕಚೇರಿಗಳಿಗೆಂದು ಮಾಡಿದ, ಎರಡು ಕಿಲೋ ತೂಗುವ, ಕಪ್ಪನೆಯ ದಪ್ಪ ಯಂತ್ರವನ್ನು. 16 ಜಿ.ಬಿ., ಜೊತೆಗೆ ಬರಿದಾದ ಒಂದು ಗೂಡು. ಬೆಲೆ 66,000. ಆ ಗೂಡಿಗೆ ಇನ್ನೊಂದು 16 ಜಿ.ಬಿ.ಗೆ 4,000 ಚಿಲ್ಲರೆ. ಅಂಗಡಿಯ ಉಳಿತಾಯ 30,000. ಮಿಕ್ಕದ್ದು ಅಜ್ಜಿಯ ಅರಿಸಿನದ ಹಣ. ಮನೆಯಾಕೆ ಬಚ್ಚಲಮನೆಯ ಸೂರು ರಿಪೇರಿಗೆಂದು ಅದರ ಮೇಲೆ ಕಣ್ಣಿಟ್ಟಿದ್ದರು. ಆ ಮಳೆಗಾಲವೂ ಅದು ಸೋರಿತು.

ಆ ವರ್ಷದ ಕೊನೆಗೆ ಜಗತ್ತಿನಲ್ಲೆಲ್ಲ ರ‍್ಯಾಮಿನ ಬೆಲೆ ಗಗನಕ್ಕೇರಿತು. ಕೃತಕ ಬುದ್ಧಿಮತ್ತೆಯ ಗಣಕಾಗಾರಗಳು ಅದನ್ನು ಹಸಿದಂತೆ ಕೊಂಡದ್ದೇ ಕಾರಣ. ಅಂದಿನಿಂದ ಯಜಮಾನರು ತಮ್ಮ ದೂರದೃಷ್ಟಿಯನ್ನು ಬೀದಿಯವರಿಗೆಲ್ಲ ವರ್ಣಿಸುತ್ತಿದ್ದಾರೆ. ಮಗಳು ತಿದ್ದುಪಡಿ ಮಾಡಲು ಹೋಗಿಲ್ಲ.

ಸ್ಥಾಪನೆಗೆ ಒಂದು ಭಾನುವಾರ ಸಂದಿತು. ಎಲ್ಲಕ್ಕಿಂತ ಮೊದಲು ಲೊಚಗುಟ್ಟುವ ಡಿಸ್ಕಿನಿಂದ ಕಡತಗಳನ್ನು ಎರಡು ಕಡೆ ನಕಲು ತೆಗೆದರು. ಐವತ್ತಕ್ಕೂ ಹೆಚ್ಚು ಕಡತಗಳು ಆಗಲೇ ಕೆಟ್ಟಿದ್ದವು. ಎಕ್ಸ್‌ಪಿಯ ಮತ್ತು ಪೇಜ್‌ಮೇಕರಿನ ಮೂಲ ಸಿ.ಡಿ.ಗಳು ದೇವರ ಗೂಡಿನ ಪಕ್ಕದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಆದರೆ ಹೊಸ ಯಂತ್ರಕ್ಕೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ! ಪಕ್ಕದ ಫೋಟೋ ಸ್ಟುಡಿಯೋದವರಿಂದ ಹೊರಗಿನ ಡ್ರೈವೊಂದನ್ನು ಎರವಲು ತಂದದ್ದಾಯಿತು. ವರ್ಚುಯಲೈಸೇಷನ್ ಎಂಬ ಸೌಲಭ್ಯವನ್ನು ಕಾರ್ಖಾನೆಯವರು ಆರಿಸಿಟ್ಟಿದ್ದರು. ಯಂತ್ರ ಏಳುವ ಮೊದಲೇ ಒಳಹೊಕ್ಕು ಅದನ್ನು ಹಚ್ಚಬೇಕಾಯಿತು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೊಸ ಪರದೆಯೊಳಗಿನ ಚಿಕ್ಕ ಕಿಟಕಿಯಲ್ಲಿ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶ ಮೂಡಿದವು. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು.

“ಗೋಪಾಲಸ್ವಾಮಿ ಬೆಟ್ಟ ಇದ್ದಂಗದೆ” ಎಂದರು ಅಜ್ಜಿ.

ಈಗ ಹಗಲು ಯಂತ್ರ ಅಂಗಡಿಯಲ್ಲಿ, ರಾತ್ರಿ ಮಗಳ ಮೇಜಿನ ಮೇಲೆ. ಮದುವೆಯ ಸುಗ್ಗಿಯಲ್ಲಿ ಅಂಗಡಿ ಹತ್ತು ಗಂಟೆಯವರೆಗೆ ತೆರೆದಿದ್ದರೆ ಅವಳು ಅಲ್ಲಿಯೇ ಹೋಗಿ ಕುಳಿತು ಕಾಯುತ್ತಾಳೆ. ಕಾಯುವ ಹೊತ್ತಿನಲ್ಲಿ ಸುಮ್ಮನಿರಲಾರದೆ, ಹಳೆಯ ಪತ್ರಿಕೆಗಳನ್ನು ಯೂನಿಕೋಡಿಗೆ ತಿರುಗಿಸಿ ಲಿನಕ್ಸಿನ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶದಲ್ಲಿ ಮತ್ತೆ ಜೋಡಿಸುವ ಕೆಲಸ ಹಿಡಿದಿದ್ದಾಳೆ. ಅರ್ಕಾವೊತ್ತುಗಳನ್ನು ತಿದ್ದುವುದು ತಂದೆಯ ಪಾಲು. ಇದುವರೆಗೆ ನಲವತ್ತಾಗಿವೆ.