ಒಲ್ಲೆ ಎನ್ನುವವನು

ನಮ್ಮ ದೇಶದಲ್ಲಿ ರಾಜ್ಯ ಸ್ಥಾಪಿಸಬೇಕಾದರೆ ಮೊದಲು ಒಂದು ಮೊಲ ಬೇಕು. ಹಂಪೆಯ ಬಳಿ ಬೇಟೆನಾಯಿಗಳು ಅಟ್ಟಿದ ಮೊಲ ತಿರುಗಿ ನಾಯಿಗಳ ಮೇಲೆಯೇ ಬಿದ್ದಿತಂತೆ. ಇದು ಗಂಡುಮೆಟ್ಟಿನ ನೆಲವೆಂದು ಅಲ್ಲಿ ವಿಜಯನಗರ ಎದ್ದಿತು. ಕೆಂಪೇಗೌಡರ ಬೆಂಗಳೂರಿಗೂ ಇದೇ ಕಥೆಯನ್ನು ಹೇಳುವವರಿದ್ದಾರೆ. ಗುಜರಾತಿನ ಅಹಮದಾಬಾದಿಗೂ ಹೇಳುತ್ತಾರೆ. ನಮ್ಮ ಬೀದರಿನಲ್ಲಿ ಮಾತ್ರ ಮೊಲದ ಕೆಲಸವನ್ನು ನರಿ ಮಾಡಿತೆಂದು ಹಿರಿಯರ ಮಾತು. ಪಾಪ, ಆ ಮೊಲಕ್ಕೆ ಭರತಖಂಡದಲ್ಲಿ ಬಿಡುವೇ ಇದ್ದಂತಿಲ್ಲ. ಅದು ತಿರುಗಿಬಿದ್ದ ಮರುವಾಕ್ಯದಲ್ಲಿ ಕೋಟೆ, ಅದರ ಮರುವಾಕ್ಯದಲ್ಲಿ ಪೇಟೆ, ಮೂರನೆಯದರಲ್ಲಿ ಮುತ್ತುರತ್ನಗಳನ್ನು ಬೀದಿಯಲ್ಲಿ ಸುರಿದುಕೊಂಡು ಮಾರುವ ಪ್ರಜೆಗಳು. ನಡುವೆ ಕಲ್ಲು ಹೊತ್ತವನು ಯಾರು, ಅವನು ಮಧ್ಯಾಹ್ನ ಏನು ಉಂಡ, ಪೇಟೆ ಬಂದ ಜಾಗದಲ್ಲಿ ಹಿಂದೆ ಏನಿತ್ತು ಎಂಬುದು ಮೊಲಕ್ಕೆ ಗೊತ್ತಿಲ್ಲ, ಕಥೆಗಾರನಿಗೆ ಬೇಕಿಲ್ಲ.

ಈ ಮೊಲ ಜಪಾನಿಗೂ ಹೋಗಿದೆಯೆಂದು ನನಗೆ ತಿಳಿದದ್ದು ತಂಗಿಯ ಮಗನಿಂದ. ಡಾಬಕಾದ ಹುಡುಗ, ನಮ್ಮ ಮನೆಯಲ್ಲಿದ್ದುಕೊಂಡು ಬೀದರಿನಲ್ಲಿ ಪಿ.ಯು.ಸಿ. ಓದುತ್ತಾನೆ. ಪಠ್ಯಪುಸ್ತಕ ಓದುತ್ತಾನೆ ಎಂಬುದಕ್ಕೆ ನನ್ನಲ್ಲಿ ಪುರಾವೆ ಕಡಮೆ. ಮೊಬೈಲಿನಲ್ಲಿ 'ಮಾಂಗಾ' ಎಂಬ ಜಪಾನೀ ಚಿತ್ರಕಥೆಗಳನ್ನು ಓದುತ್ತಾನೆ ಎಂಬುದಕ್ಕೆ ಧಾರಾಳವಾಗಿ ಇದೆ. ಅವುಗಳನ್ನು ಬಲದಿಂದ ಎಡಕ್ಕೆ ಓದಬೇಕು. ಉರ್ದು ಬಲ್ಲ ನಮ್ಮ ನೆರೆಯವರೊಬ್ಬರು ಒಮ್ಮೆ ಇಣುಕಿ ನೋಡಿ, "ಇದೊಂದು ಚಲೋ ಮಾಡ್ಯಾರ" ಎಂದು ಮೆಚ್ಚಿಕೊಂಡು ಹೋದರು.

ಈ ಚಿತ್ರಕಥೆಗಳಲ್ಲಿ ರಾಜ್ಯ ಕಟ್ಟುವುದೇ ಒಂದು ಬಗೆ. ನಮ್ಮ ಲೋಕದ ಯಾರೋ ಗುಮಾಸ್ತ, ಯಾರೋ ವಿದ್ಯಾರ್ಥಿ, ಮತ್ತೊಂದು ಲೋಕದಲ್ಲಿ ಹೋಗಿ ಬೀಳುತ್ತಾನೆ. ಬಿದ್ದವನು ಧೂಳು ಕೊಡವಿಕೊಂಡು ರಾಜ್ಯ ಕಟ್ಟತೊಡಗುತ್ತಾನೆ. ಬಹು ಹೆಸರಾದ ಒಂದು ಕಥೆಯಲ್ಲಿ 37 ವರ್ಷದ ನೌಕರನೊಬ್ಬ ಸತ್ತು, ರಿಮುರು ಎಂಬ ಲೋಳೆಮುದ್ದೆಯಾಗಿ ಹುಟ್ಟುತ್ತಾನೆ. ಅವನು ಬಡಕಲು ಕುಳ್ಳಭೂತಗಳಿಗೆ ಹೆಸರಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಅವು ಕಟ್ಟುಮಸ್ತಾಗಿ ಎದ್ದು ನಿಲ್ಲುತ್ತವೆ. ಊರನ್ನು ತಿನ್ನಲು ಬಂದ ತೋಳಗಳು ತಮ್ಮ ಒಡೆಯ ಸತ್ತೊಡನೆ ಶರಣಾಗಿ ಅದೇ ಊರಿನವರ ಸವಾರಿಗೆ ಬೆನ್ನು ಕೊಡುತ್ತವೆ. ಹೆಸರಿಡುವುದರಲ್ಲಿ ಲೋಳೆಯ ಶಕ್ತಿ ಖರ್ಚಾಗುತ್ತದೆ ಎಂಬುದೇನೋ ನಿಜ. ಆದರೆ ಮೂರು ದಿನ ಮಲಗಿದರೆ ಮತ್ತೆ ಭರ್ತಿ. ಇಷ್ಟು ಕಡಮೆ ಬಡ್ಡಿಗೆ ಸಾಲ ಕೊಡುವವರು ನಮ್ಮ ಕಡೆ ಯಾರೂ ಇಲ್ಲ.

ಇನ್ನೊಂದು ಕಥೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ ಬಂತು. ಸೋಮಾ ಎಂಬ ತರುಣ ಒಂದು ದೇಶಕ್ಕೆ ಅರಸನಾಗುತ್ತಾನೆ. ಅಲ್ಲಿಯ ರೈತರೆಲ್ಲ ರೊಕ್ಕದ ಆಸೆಗೆ ಹತ್ತಿ ಬಿತ್ತಿ, ಉಣ್ಣಲು ಕಾಳಿಲ್ಲದಂತಾಗಿದೆ. ಬಲು ಒಳ್ಳೆಯ ಆರಂಭ! ಮಂತ್ರದಂಡವಲ್ಲ, ಹಗೇವು ಬರಿದಾದದ್ದು ಕಥೆಯ ಬೀಜ. ಆದರೆ ಅರಸ ಹತ್ತಿ ಬಿಟ್ಟು ಕಾಳು ಬಿತ್ತಿಸಲು ನಿಶ್ಚಯಿಸಿದನೋ ಇಲ್ಲವೋ, ಆ ಕಷ್ಟ ಕರಗಿ ಹೋಗುತ್ತದೆ. ನಾನು ಡಾಬಕಾದಲ್ಲಿ ಹುಟ್ಟಿದವನು. ನಮ್ಮ ಎರೆಹೊಲಗಳಲ್ಲಿ ಜೋಳ ಹಿಂದೆ ಸರಿದು ಸೋಯಾಬೀನ್ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಯಾರಾದರೂ ಹೋಗಿ "ಜೋಳ ಬಿತ್ತಿರಪ್ಪಾ" ಎಂದು ಹೇಳಿ ನೋಡಲಿ. ಹಕ್ಕಿ ಕಾಯುವವರು ಯಾರು, ಕೊಯ್ಲಿಗೆ ಆಳು ಎಲ್ಲಿ, ಧಾರಣೆ ಬಿದ್ದರೆ ಮಗಳ ಮದುವೆ ಹೇಗೆ ಎಂದು ನೂರು ಪ್ರಶ್ನೆ ಕೇಳುತ್ತಾರೆ. ಆಗಲೂ ಒಬ್ಬ ಮುದುಕ ಮಾತ್ರ ಒಂದು ಮೂಲೆಯಲ್ಲಿ ಜೋಳ ಬಿತ್ತಿಯೇ ಇರುತ್ತಾನೆ, ಎತ್ತಿಗೆ ಕಣಿಕೆ ಬೇಕಲ್ಲ ಎಂದು. ನೂರು ಜನರೂ ಮೂರ್ಖರಲ್ಲ, ಆ ಒಬ್ಬನೂ ಮೂರ್ಖನಲ್ಲ. ಕಥೆ ಇರುವುದು ಅಲ್ಲಿ.

ಸೋಮಾನಿಗೆ ವಿರೋಧಿಗಳೇ ಇಲ್ಲವೆಂದಲ್ಲ. ಇದ್ದಾರೆ, ಆದರೆ ಒಬ್ಬ ಲಂಚಕೋರ, ಇನ್ನೊಬ್ಬ ಮುಂಗೋಪಿ. ಎಲ್ಲರಿಗಿಂತ ಗಟ್ಟಿಯಾಗಿ ಎದುರು ನಿಂತ ಹಿರಿಯ ದಂಡನಾಯಕನಂತೂ ಒಳಗೊಳಗೆ ಅರಸನ ಹಿತಕ್ಕಾಗಿಯೇ ಬಂಡಾಯದ ನಾಟಕ ಹೂಡಿದ್ದನೆಂದು ಕಡೆಗೆ ತಿಳಿಯುತ್ತದೆ. "ಒಲ್ಲೆ" ಎಂದವನು ಒಂದೋ ಕೆಟ್ಟವನಾಗಿರಬೇಕು, ಇಲ್ಲವೇ ಸುಳ್ಳಿಗೆ ಅಂದಿರಬೇಕು. ನ್ಯಾಯವಾಗಿ ಒಲ್ಲೆ ಎನ್ನುವವನಿಗೆ ಈ ರಾಜ್ಯಗಳಲ್ಲಿ ಮನೆಯೇ ಇಲ್ಲ. ಮಂತ್ರಮಾಯೆಯ ಬಗೆಗೆ ನನ್ನ ತಕರಾರಿಲ್ಲ. ಲೋಳೆ ಬೇಕಾದರೆ ಆಳಲಿ, ಈ ಕೊರತೆಯನ್ನು ಮಾತ್ರ ಒಪ್ಪಲಾರೆ.

ಇದನ್ನು ಹೇಳಿದಾಗ ಹುಡುಗ, "ಮಾಮಾ, ಅದು ಕಥಿ. ನಿಮ್ಮ ಪುರಾಣದಾಗ ಎಲ್ಲಾ ಲೆಕ್ಕ ಇಟ್ಟಾರೇನು?" ಎಂದ. ಇಟ್ಟಿದ್ದಾರೆ. ಇಂದ್ರಪ್ರಸ್ಥದ ಪಾಂಡವರು ಖಾಂಡವವನವನ್ನು ಅಗ್ನಿಗೆ ಉಣಿಸಿದರು. ಉರಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಹಾವು ಅದೆಷ್ಟೋ ಪರ್ವಗಳಾಚೆ ಕರ್ಣನ ಬಾಣದಲ್ಲಿ ಸೇರಿಕೊಂಡು ಅರ್ಜುನನ ಕೊರಳಿಗೆ ಬರುತ್ತದೆ. ಅದೇ ಬೆಂಕಿಯಿಂದ ಜೀವ ಉಳಿಸಿಕೊಂಡ ಮಯ ಕೃತಜ್ಞತೆಯಿಂದ ಸಭಾಭವನ ಕಟ್ಟಿಕೊಟ್ಟ; ಅಲ್ಲಿ ದುರ್ಯೋಧನ ನೀರನ್ನು ನೆಲವೆಂದು ತಿಳಿದು ಬಿದ್ದ; ಆ ನಗೆಯ ಬೆಲೆ ಜೂಜಿನಲ್ಲಿ ತೀರಿತು. ಕಟ್ಟಿದ ಚೆಲುವಿನಲ್ಲಿಯೇ ಕೆಡಕು ಮನೆ ಮಾಡಿತ್ತು. ಸುಟ್ಟದ್ದನ್ನು ಸಾವಿರ ಪದ್ಯಗಳಾದ ಮೇಲೂ ಮರೆಯದವನು ಕವಿ.

ಪುರಾಣ ಬೇಡವೆಂದರೆ ನಮ್ಮ ಓಣಿಗೇ ಬನ್ನಿ. ಬಹಮನಿ ಅರಸ ಅಹಮದ್ ಶಾಹನು 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. 1453ರ ಸುಮಾರಿಗೆ ಈ ಊರಿಗೆ ಪರ್ಷಿಯದ ಗೀಲಾನಿನಿಂದ ಒಬ್ಬ ವರ್ತಕ ಬಂದ. ಮತ್ತೊಂದು ಲೋಕದಿಂದ ಬಂದು ರಾಜ್ಯವನ್ನು ತಿದ್ದುವವನು ಬೇಕೇ? ಇವನೇ ಮಹಮೂದ್ ಗವಾನ್. ಪ್ರಧಾನಿಯಾದ, ಗೋವೆಯನ್ನು ಗೆದ್ದ, 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. 1696ರ ಸ್ಫೋಟದಲ್ಲಿ ಅರೆಪಾಲು ಹಾಳಾದರೂ ಅದರ ಮಿನಾರಿನ ಬಣ್ಣದ ಹೆಂಚುಗಳು ಇಂದಿಗೂ ಬಿಸಿಲಿಗೆ ಮಿಂಚುತ್ತವೆ. ಗವಾನ್ ನಾಲ್ಕು ಪ್ರಾಂತಗಳನ್ನು ಎಂಟು ಮಾಡಿದ. ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕವಕ್ಕೆ ಸುಲ್ತಾನನ ಹೆಸರಿನಲ್ಲಿ ಕಿಲ್ಲೇದಾರರನ್ನು ನೇಮಿಸಿದ. ಭೂಮಿ ಅಳೆಸಿದ. ಒಂದೊಂದೂ ಒಳ್ಳೆಯ ಕೆಲಸವೇ.

ಆದರೆ ಕೋಟೆ ಕಳೆದುಕೊಂಡ ಸರದಾರನ ಕಡೆಯಿಂದ ನೋಡಿ. ಅವನ ಅಪ್ಪ ಕಾದಾಡಿ ಗಳಿಸಿದ ಅಧಿಕಾರ ಅದು. ನಿನ್ನೆ ಹಡಗಿನಿಂದ ಇಳಿದ ಪರದೇಶಿ ಬಂದು ಕಾಗದದ ಮೇಲೆ ಗೆರೆ ಎಳೆದು ಅರ್ಧ ಮಾಡಿದ. ದಖನಿಗಳಿಗೂ ಪರದೇಶಿಗಳಿಗೂ ಮೊದಲೇ ಹೊತ್ತಿಕೊಂಡಿದ್ದ ಹಗೆಗೆ ಇದು ಎಣ್ಣೆಯಾಯಿತು. ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಬರಿಯ ಹಾಳೆಗೆ ಮುದ್ರೆ ಒತ್ತಿಸಿ, ಒಡಿಸ್ಸಾದ ಅರಸನಿಗೆ ಬರೆದಂತೆ ಒಂದು ದ್ರೋಹದ ಪತ್ರ ಸೃಷ್ಟಿಸಿದರು. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಕುಡಿದ ಮತ್ತಿನಲ್ಲಿದ್ದ ಮೂರನೆಯ ಮುಹಮ್ಮದ್ ಶಾಹ ಎಪ್ಪತ್ತರ ಆಚೀಚಿನ ಆ ಮುದುಕನ ತಲೆ ಹೊಡೆಸಿದ. ಅವನ ಮನೆ ಶೋಧಿಸಿದಾಗ ಹೇಳಿಕೊಳ್ಳುವಂಥ ಐಶ್ವರ್ಯವೇನೂ ಸಿಗಲಿಲ್ಲವೆಂದು ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ಮರುವರ್ಷ ಸುಲ್ತಾನನೂ ಸತ್ತ. ಮುಂದೆ ರಾಜ್ಯ ಐದು ಪಾಲಾಯಿತು. ಮಾಂಗಾದವರ ಕೈಗೆ ಸಿಕ್ಕಿದ್ದರೆ ಆ ಸರದಾರರು ಎರಡನೆಯ ಸಂಪುಟದ ಹೊತ್ತಿಗೆ ಗವಾನನ ಭಕ್ತರಾಗಿರುತ್ತಿದ್ದರು.

ಇಷ್ಟೆಲ್ಲ ಹೇಳಿದರೂ ಹುಡುಗ ನನ್ನ ಮಾತಿಗಿಂತ ಕಾಕಾನ ಮಾತಿಗೆ ಹೆಚ್ಚು ತಲೆದೂಗಿದ. ಕಾಕಾ ಎಂದರೆ ನನ್ನ ತಂದೆಯ ತಮ್ಮ, ಹುಡುಗನಿಗೆ ಅಜ್ಜ. ಅವರ ಆರು ಎಕರೆ ಎರೆಹೊಲ ನೀರಾವರಿ ಕೆರೆಯೊಂದರ ಅಡಿ ಹೋಗಿ ಬಹಳ ವರ್ಷಗಳಾದವು. ಪರಿಹಾರ ಬಂತು, ಬರುವಷ್ಟರಲ್ಲಿ ಕಾಕಾನ ತಲೆ ನರೆತಿತ್ತು. ಇಂದಿಗೂ ಮಳೆಗಾಲದಲ್ಲಿ ಒಮ್ಮೆ ದಂಡೆಗೆ ಹೋಗಿ ನಿಲ್ಲುತ್ತಾರೆ. ಕೊಕ್ಕರೆ ಕೂತ ಆ ಬೋಳುಮರ ತಮ್ಮ ಬಾವಿಯ ಕಟ್ಟೆಯದೆಂದು ತೋರಿಸುತ್ತಾರೆ. ಒಮ್ಮೆ ನಾನು ಕೆರೆಯನ್ನು ಬೈದೆ. ಅವರಿಗೆ ಹಿಡಿಸಲಿಲ್ಲ. "ನೀರು ಬೇಕಿತ್ತು ತಮ್ಮಾ, ಅದು ಖರೆ. ನನ್ನ ಹೊಲಾನೂ ಬೇಕಿತ್ತು, ಅದೂ ಖರೆ" ಎಂದರು.

ದೀಪಾವಳಿ ರಜೆಗೆ ಊರಿಗೆ ಹೋದಾಗ ಹುಡುಗ ತಾನೇ ಬರೆಯುತ್ತಿದ್ದ ರಾಜ್ಯದ ಕಥೆಯನ್ನು ಕಾಕಾನಿಗೆ ಓದಿ ಹೇಳಿದನಂತೆ. ನಾಲ್ಕನೆಯ ಪುಟದಲ್ಲಿ ಅರಸ ಅಣೆಕಟ್ಟು ಕಟ್ಟಿಸುತ್ತಾನೆ. ಐದನೆಯದರಲ್ಲಿ ನಾಡು ಹಸಿರಾಗುತ್ತದೆ. ಕಾಕಾ ಎಲ್ಲವನ್ನೂ ಕೇಳಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಕಟ್ಟೀ ಹಿಂದ ಯಾರ ಹೊಲ ಇತ್ತು?" ಎಂದು ಒಂದೇ ಪ್ರಶ್ನೆ ಕೇಳಿದರಂತೆ.

ಈಗ ಐದನೆಯ ಪುಟಕ್ಕೆ ಕಾಟು ಬಿದ್ದಿದೆ. ಅದರ ಬದಲು ಒಬ್ಬ ಮುದುಕ ಆಸ್ಥಾನಕ್ಕೆ ಬಂದು ಕಂಬಕ್ಕೆ ಒರಗಿ ಕೂತಿದ್ದಾನೆ. ಅರಸ ಹಣ ಕೊಟ್ಟ, ಬೇರೆ ಹೊಲ ಕೊಟ್ಟ, ಬುದ್ಧಿಯನ್ನೂ ಹೇಳಿದ. ಮುದುಕ ಏಳುತ್ತಿಲ್ಲ. ಮೂರು ವಾರದಿಂದ ಕಥೆ ಅಲ್ಲಿಯೇ ನಿಂತಿದೆ. "ಮಾಮಾ, ಇವ ಎದ್ದು ಹೋಗೋ ಹಂಗ ಏನರೆ ಹೇಳ್ರಿ" ಎಂದು ಮೊನ್ನೆ ನನ್ನ ಬಳಿಗೆ ಬಂದಿದ್ದ. ನಾನೇನೂ ಹೇಳಿಲ್ಲ.