ನೂಲಿನಂತೆ ಸೀರೆಯೆ?

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂಬ ಗಾದೆಯನ್ನು ಹತ್ತಿಯ ಪೇಟೆಯಾದ ಆದವಾನಿಯ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವೂ ಅದನ್ನು ತರಗತಿಯಲ್ಲಿ ಹಲವು ಸಲ ಹೇಳಿದವರೇ. ದಸರೆಯ ರಜೆಗೆ ಮುಂಚೆ ಐದನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, "ಸಾರ್, ನಮ್ಮ ತಾತ ಹೋದ ವರ್ಷದ ಸಂಕರ ಹತ್ತಿಯ ಬೀಜವನ್ನೇ ಇಟ್ಟುಕೊಂಡು ಬಿತ್ತಿದ. ಗಿಡ ಒಂದಿದ್ದಂತೆ ಒಂದಿಲ್ಲ. ಯಾಕೆ?" ಎಂದು ಕೇಳಿದನು.

ಉತ್ತರಕ್ಕಾಗಿ ನಾವು ಹತ್ತಿಯನ್ನು ಬಿಟ್ಟು ಬಟಾಣಿಯನ್ನು ಹಿಡಿಯಬೇಕಾಯಿತು. ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿಯು ತನ್ನ ಮಠದ ತೋಟದಲ್ಲಿ ಎತ್ತರದ ಬಟಾಣಿಯನ್ನೂ ಗಿಡ್ಡ ಬಟಾಣಿಯನ್ನೂ ಕೂಡಿಸಿದನು. ಮೊದಲ ಪೀಳಿಗೆಯೆಲ್ಲ ಎತ್ತರವೇ. ಗಿಡ್ಡತನವು ಅಳಿದೇಹೋಯಿತೆನ್ನಬೇಕು. ಆದರೆ ಆ ಪೀಳಿಗೆಯ ಬೀಜದಿಂದ 787 ಎತ್ತರದ ಗಿಡಗಳೂ 277 ಗಿಡ್ಡ ಗಿಡಗಳೂ ಹುಟ್ಟಿದವು. ಸುಮಾರು ಮೂರಕ್ಕೆ ಒಂದು. ಅವನು ಇದನ್ನು 1866ರಲ್ಲಿ ಪ್ರಕಟಿಸಿದನು. ಲೋಕವು ಕಿವಿಗೊಟ್ಟದ್ದು 1900ರಲ್ಲಿ.

ಮಕ್ಕಳಿಗೆ ಎರಡು ಚೀಲಗಳಲ್ಲಿ ಕೆಂಪು ಮತ್ತು ಬಿಳಿ ಅಲಸಂದೆ ಕಾಳುಗಳನ್ನು ಸಮನಾಗಿ ಬೆರೆಸಿ ಕೊಟ್ಟೆವು. ಒಂದು ಚೀಲ ತಂದೆ, ಇನ್ನೊಂದು ತಾಯಿ. ಕಣ್ಣು ಮುಚ್ಚಿ ಒಂದೊಂದರಿಂದ ಒಂದೊಂದು ಕಾಳನ್ನು ತೆಗೆಯಬೇಕು. ಕೆಂಪು ಒಂದಾದರೂ ಇದ್ದರೆ ಗಿಡ ಎತ್ತರ. ಎರಡೂ ಬಿಳಿಯಾದರೆ ಮಾತ್ರ ಗಿಡ್ಡ. ಅಡಗಿದ ಗುಣವು ಅಳಿದ ಗುಣವಲ್ಲವೆಂಬುದು ಅವರಿಗೆ ಕೈಯಿಂದಲೇ ತಿಳಿಯಿತು. 1972ರಲ್ಲಿ ಧಾರವಾಡದಿಂದ ಹೊರಬಂದ 'ವರಲಕ್ಷ್ಮಿ'ಯಂತಹ ಸಂಕರ ಹತ್ತಿಯ ಗುಟ್ಟೂ ಇದೇ. ಮೊದಲ ಬೆಳೆ ಒಂದೇ ಸಮ. ಅದರ ಬೀಜದಲ್ಲಿ ಅಂಶಗಳು ಮತ್ತೆ ಚೆದುರುತ್ತವೆ. ಆದುದರಿಂದಲೇ ರೈತನು ವರ್ಷವರ್ಷವೂ ಹೊಸ ಬೀಜವನ್ನು ಕೊಳ್ಳಬೇಕಾಗಿದೆ.

ಪಾಠವೇನೋ ಮುಗಿಯಿತು, ನಮಗೆ ಸಮಾಧಾನವಾಗಲಿಲ್ಲ. ಏಕೆಂದರೆ, ಪ್ರಶ್ನೆ ಕೇಳಿದ ಆ ಹುಡುಗನ ವಿಷಯದಲ್ಲೇ ನಾವು ಹಿಂದೊಮ್ಮೆ, "ಇವರ ವಂಶಕ್ಕೇ ಅಕ್ಷರ ಹತ್ತದು, ನೂಲಿನಂತೆ ಸೀರೆ" ಎಂದು ಸಹೋದ್ಯೋಗಿಗಳೆದುರು ಆಡಿ ನಕ್ಕಿದ್ದೆವು. ಅವನ ತಂದೆತಾಯಿಗಳು ಈ ಕಡೆಯ ಅನೇಕರಂತೆ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವವರು. ತಿಂಗಳುಗಟ್ಟಲೆ ಅವನೂ ಅವರೊಡನೆಯೇ. ಅವನ ಅಕ್ಷರವನ್ನು ತಡೆದುದು ರಕ್ತವಲ್ಲ, ಹಸಿವು.

ಕಣ್ಣಿನ ಬಣ್ಣಕ್ಕೆ ಕಾರಣವಾದ ಅಂಶಗಳು ಹುಟ್ಟಿನೊಡನೆ ಬರುತ್ತವೆ. ಕಾಗುಣಿತವು ಯಾವ ಪಂಡಿತನ ಮಗನಿಗೂ ಹುಟ್ಟಿನಿಂದ ಬಂದುದಿಲ್ಲ. ಒಂದೇ ಬೀಜವು ಎರೆಹೊಲದಲ್ಲಿ ಒಂದು ತೆರನಾಗಿಯೂ ಕಲ್ಲುನೆಲದಲ್ಲಿ ಇನ್ನೊಂದು ತೆರನಾಗಿಯೂ ಬೆಳೆಯುತ್ತದೆ. 1953ರಲ್ಲಿ ಆಂಧ್ರಕ್ಕೆ ಸೇರಿದ ಈ ತಾಲ್ಲೂಕುಗಳಲ್ಲಿ ಕನ್ನಡವು ಉಳಿದಿರುವುದೂ ರಕ್ತದಿಂದಲ್ಲ. ಮನೆಯಲ್ಲಿ ತಾಯಿ ಆಡಿದುದರಿಂದ, ಶಾಲೆಯಲ್ಲಿ ಯಾರೋ ತಿದ್ದಿಸಿದುದರಿಂದ.

ಯುಗಾದಿಯ ಹೊತ್ತಿಗೆ ಹುಡುಗನು ಮರಳಿ ಬಂದನು. ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಬಿಟ್ಟುಹೋದ ಪುಟದಿಂದಲೇ ಆರಂಭಿಸಿದೆವು. ಈಗ ತಡೆತಡೆದು ಓದುತ್ತಾನೆ. ಆ ಗಾದೆಯನ್ನು ನಾವು ಹತ್ತಿಯ ಪಾಠಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.