ಗಣ್ಯರ ಬಿಡದಿ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತಣ ಅಮೃತಮಹಲ್ ಕಾವಲು ಬಹುಕಾಲ ದನಗಳ ಪಾಲಿಗೆ ಬಿಟ್ಟ ಹುಲ್ಲುಬಯಲಾಗಿತ್ತು. ಈಗ ಅದರ ಒಂದು ಭಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಗಳ ಆವರಣವಿರುವುದು. ಸಮೀಪದ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಇಲಾಖೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರ ಮೇ 28ರಂದು ಪ್ರಾರಂಭವಾಯಿತು. ಅಲ್ಲಿ ನೀಳವಾದ ಓಡುದಾರಿಯುಂಟು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಾಗ, ಅದು ತಾನಾಗಿಯೇ ದಾರಿ ಕಂಡುಕೊಂಡು ಈ ಓಡುದಾರಿಗೆ ಬಂದಿಳಿಯಿತು. 2024ರಲ್ಲಿ ಈ ಪ್ರಯೋಗವು ಮತ್ತೆರಡು ಸಲ ನಡೆಯಿತು. ಆದರೆ ಟಿಕೆಟು ಕೊಂಡು ಇಲ್ಲಿ ವಿಮಾನವನ್ನೇರುವವರಿಲ್ಲ. ಬೀಳ್ಕೊಡಲು ಬರುವವರೂ ಇಲ್ಲ, ಕಾಯುವವರೂ ಇಲ್ಲ.

ಆಕಾಶದಲ್ಲಿ ಹೋಗಬೇಕಾದ ಕುದಾಪುರದವರು ಭೂಮಿಯ ಮೇಲೆ ಸುಮಾರು ಇನ್ನೂರು ಕಿಲೋಮೀಟರು ಕ್ರಮಿಸಿ ದೇವನಹಳ್ಳಿಯನ್ನು ಸೇರಬೇಕು. ಅಲ್ಲಿನ ಕೆಂಪೇಗೌಡ ವಿಮಾನನಿಲ್ದಾಣವು 2008ರ ಮೇ 24ರಂದು ತೆರೆಯಿತು. ಅದರ ಎರಡನೆಯ ಟರ್ಮಿನಲ್ಲು 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಪರದೇಶಕ್ಕೆ ಹೋಗುವ ವಿಮಾನಗಳಲ್ಲಿ ಅನೇಕವು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುತ್ತವೆ. ದಾರಿಯಲ್ಲಿ ಏನಾಗುವುದೋ ಎಂಬ ಶಂಕೆಯಿಂದ ಹಳ್ಳಿಯವರು ಸಂಜೆಗೇ ಬಂದಿಳಿಯುವುದು ಸಹಜ. ಹೀಗಾಗಿ ಊರು ದೂರವಾದಷ್ಟೂ ಕಾಯುವಿಕೆಯು ದೀರ್ಘವಾಗುತ್ತದೆ. ‘ಲೌಂಜು’ ಎಂಬ ವಿಶ್ರಾಂತಿಗೃಹವು ಪಟ್ಟಣದವರಿಗೆ ವಿನೋದವಾದರೆ, ಬಯಲುಸೀಮೆಯಿಂದ ಬಂದ ವೃದ್ಧರಿಗೆ ಆವಶ್ಯಕವೇ ಆಗಬಹುದು.

ಈ ಬಗೆಯ ಗೃಹಗಳ ಮೂಲವು ಅಮೆರಿಕದಲ್ಲಿರುವುದು. 1939ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾ ವಿಮಾನನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯವರು ‘ಅಡ್ಮಿರಲ್ಸ್ ಕ್ಲಬ್’ ಎಂಬುದನ್ನು ತೆರೆದರು. ಮೊದಮೊದಲು ಅದರೊಳಗೆ ಆಹ್ವಾನಿತರಿಗೆ ಮಾತ್ರ ಪ್ರವೇಶವಿತ್ತು. ಹಣ ಕಟ್ಟಿ ಸದಸ್ಯರಾಗುವ ಪದ್ಧತಿಯು ಅನಂತರ ಬಂದಿತು. ನಮ್ಮ ದೇಶದವರಿಗೆ ಈ ತರತಮವು ಹೊಸದಲ್ಲ. ರೈಲಿನಲ್ಲಿ ತರಗತಿಗೊಂದು ಡಬ್ಬಿ, ನಿಲ್ದಾಣದಲ್ಲಿ ಮೇಲ್ತರಗತಿಗೊಂದು ಕೊಠಡಿ ಎಂಬ ವ್ಯವಸ್ಥೆಯನ್ನು ತಾತಂದಿರ ಕಾಲದಿಂದ ಕಂಡದ್ದಾಗಿದೆ. ಮೂರನೆಯ ತರಗತಿಯ ಕಷ್ಟಗಳನ್ನು ಕುರಿತು ಗಾಂಧಿಯವರು 1917ರಲ್ಲಿ ಬರೆದರು. ಆ ತರಗತಿಯ ಹೆಸರು ಅಳಿದುದು 1974ರಲ್ಲಿ. ಗಣ್ಯರ ವಾಹನಗಳ ಮೇಲಣ ಕೆಂಪು ದೀಪವು 2017ರ ಮೇ 1ರಿಂದ ರದ್ದಾಯಿತು. ದೀಪವು ಹೋದರೂ ಗಣ್ಯನೆನಿಸಿಕೊಳ್ಳುವ ಆಸೆಯು ಜನರಲ್ಲಿ ಉಳಿದೇ ಇದೆ. ಅದನ್ನು ಈಗ ಬ್ಯಾಂಕುಗಳು ಕಾರ್ಡಿನ ರೂಪದಲ್ಲಿ ಮನೆಮನೆಗೂ ಹಂಚುತ್ತಿವೆ. ಮಂತ್ರಿಗಳು ಮೊದಲಾದವರಿಗೆ ಮೀಸಲಾದ ಕೊಠಡಿಯ ಮಾತೇ ಬೇರೆ. ಅದರ ಬಾಗಿಲು ಯಾವ ಕಾರ್ಡಿಗೂ ತೆರೆಯದು.

ಸಾಮಾನ್ಯ ಲೌಂಜಿನ ಪ್ರವೇಶಕ್ಕೆ ನಾಲ್ಕು ಮಾರ್ಗಗಳುಂಟು. ಬಿಸಿನೆಸ್ ದರ್ಜೆಯ ಟಿಕೆಟು ಕೊಂಡವರಿಗೆ ವಿಮಾನಸಂಸ್ಥೆಯೇ ಅದನ್ನು ಒದಗಿಸುತ್ತದೆ. ಒಂದೇ ಸಂಸ್ಥೆಯ ವಿಮಾನಗಳಲ್ಲಿ ಪದೇಪದೇ ಸಂಚರಿಸುವವರಿಗೆ ಅದೊಂದು ಮರ್ಯಾದೆಯಾಗಿ ದೊರೆಯುತ್ತದೆ. ಬಾಗಿಲಲ್ಲಿ ನೇರವಾಗಿ ಹಣ ತೆತ್ತು ಒಳಹೊಗುವುದು ಮೂರನೆಯದು. ನಾಲ್ಕನೆಯದು, ಹೆಚ್ಚು ಜನರು ಹಿಡಿಯುವುದು, ಕಾರ್ಡಿನ ಮಾರ್ಗ. 1992ರಲ್ಲಿ ಮೊದಲಾದ ಪ್ರಯಾರಿಟಿ ಪಾಸ್ ಎಂಬ ಸದಸ್ಯತ್ವವನ್ನು ಕೆಲವು ಬ್ಯಾಂಕುಗಳು ತಮ್ಮ ಕಾರ್ಡಿನೊಡನೆ ಕೊಡುತ್ತವೆ; ಬೇರೆ ಕೆಲವು ಕಾರ್ಡುಗಳನ್ನು ಬಾಗಿಲಿನ ಯಂತ್ರದಲ್ಲಿ ಉಜ್ಜಿದರೆ ಎರಡು ರೂಪಾಯಿಯಷ್ಟು ಅಲ್ಪ ಹಣವು ಕಡಿತವಾಗಿ ಪ್ರವೇಶ ದೊರೆಯುತ್ತದೆ. ಎರಡು ರೂಪಾಯಿಗೆ ಊಟ, ಕಾಫಿ, ಮೆತ್ತನೆಯ ಆಸನ ಎಂದರೆ ಯಾರಿಗೆ ಬೇಡ? ಅದರಿಂದಲೇ ಎಷ್ಟೋ ಕಡೆ ಗಣ್ಯರ ಬಾಗಿಲಿನ ಮುಂದಣ ಸಾಲು ಸಾಮಾನ್ಯರ ಸಾಲಿಗಿಂತ ಉದ್ದವಾಗಿರುತ್ತದೆ. ಈ ನೂಕುನುಗ್ಗಲನ್ನು ಕಂಡ ಬ್ಯಾಂಕುಗಳಲ್ಲಿ ಹಲವು, ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಸಾವಿರ ಖರ್ಚು ಮಾಡಿದವರಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿವೆ. ಕುದಾಪುರದವರ ಆರಾಧ್ಯನಾದ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಮಾತೆಂದು ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅಲ್ಲಿ ಮಾಡುವುದೆಂದರೆ ದುಡಿಮೆ. ಇಲ್ಲಿ ಮಾಡುವುದೆಂದರೆ ವೆಚ್ಚ.

ಪ್ರಯಾಣಕ್ಕೆ ಸಿದ್ಧರಾಗುವ ಗೃಹಸ್ಥರು ಗಮನಿಸತಕ್ಕ ಕೆಲವು ಸಂಗತಿಗಳಿವೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ಲುಗಳಿರುವುದರಿಂದ ತಮ್ಮ ವಿಮಾನವು ಯಾವುದರಿಂದ ಹೊರಡುವುದೆಂದು ಟಿಕೆಟಿನಲ್ಲಿ ಮೊದಲೇ ನೋಡಿಕೊಳ್ಳಬೇಕು. ಒಂದರಲ್ಲಿರುವ ಲೌಂಜು ಮತ್ತೊಂದರಿಂದ ಹೊರಡುವವನಿಗೆ ನಿರರ್ಥಕ. ಊರಿನ ದೂರವಾಣಿ ಸಂಕೇತವಾದ 080 ಎಂಬುದನ್ನೇ ಹೆಸರಾಗಿಟ್ಟುಕೊಂಡ ಲೌಂಜುಗಳು ಅಲ್ಲಿವೆ. ದೇಶದೊಳಗಿನ ಪ್ರಯಾಣಿಕರಿಗೂ ಪರದೇಶದ ಪ್ರಯಾಣಿಕರಿಗೂ ಬೇರೆ ಬೇರೆ. ಇಂಥವು ಬಹುಮಟ್ಟಿಗೆ ಭದ್ರತಾ ತಪಾಸಣೆಯ ಆಚೆಗೆ ಇರುತ್ತವೆ. ಸಾಮಾನು ಒಪ್ಪಿಸುವ ಕೌಂಟರು ಪರದೇಶದ ವಿಮಾನಗಳಿಗೆ ಸಾಧಾರಣವಾಗಿ ಮೂರು ನಾಲ್ಕು ಗಂಟೆ ಮುಂಚೆ ತೆರೆಯುವುದರಿಂದ, ಸಂಜೆಗೇ ಬಂದವನು ಅಲ್ಲಿಯವರೆಗೆ ಹೊರಗಣ ಹಜಾರದಲ್ಲೇ ಕುಳಿತಿರಬೇಕು. ಲೌಂಜಿನ ಒಳಗೂ ಎರಡು ಅಥವಾ ಮೂರು ಗಂಟೆಗಳ ಮಿತಿಯುಂಟು. ಕಾರ್ಡಿನ ಮೇಲಣ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಒಂದೇ ಆಗಿರಬೇಕು. ಅನೇಕ ಲೌಂಜುಗಳಲ್ಲಿ ವಿಮಾನದ ಕರೆಯನ್ನು ಕೂಗಿ ಹೇಳುವುದಿಲ್ಲ. ಗಡಿಯಾರವನ್ನು ಮರೆತು ಮಲಗಿದವನಿಗೆ ವಿಶ್ರಾಂತಿ ದೊರೆತು ವಿಮಾನ ತಪ್ಪೀತು.

ಕಾರ್ಡನ್ನು ನಂಬಿ ಹಸಿದು ಹೋಗುವುದೂ ತರವಲ್ಲ. ಬ್ಯಾಂಕಿಗೂ ಲೌಂಜಿಗೂ ನಡುವೆ ಮಧ್ಯವರ್ತಿ ಸಂಸ್ಥೆಗಳಿರುತ್ತವೆ. ಅಂಥ ಸಂಸ್ಥೆಗಳಲ್ಲಿ ದೊಡ್ಡದಾಗಿದ್ದ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರಿನಲ್ಲಿ ತನ್ನ ದೇಶೀಯ ಲೌಂಜುಗಳ ಸೇವೆಯನ್ನು ನಿಲ್ಲಿಸಿತು. ಆದುದರಿಂದ ಹೊರಡುವ ವಾರದಲ್ಲಿಯೇ ಬ್ಯಾಂಕನ್ನು ವಿಚಾರಿಸುವುದು ಲೇಸು. ಇದಕ್ಕಿಂತ ಘೋರವಾದುದು ಮೋಸ. 2024ರಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಕಾರ್ಡು ಕೈಯಲ್ಲಿಲ್ಲದೆ ಅದರ ಚಿತ್ರವನ್ನು ತೋರಿಸಿದರು. ‘ಲೌಂಜ್ ಪಾಸ್’ ಎಂಬ ಹೆಸರಿನ ಆ್ಯಪನ್ನು ಫೋನಿಗೆ ಹಾಕಿಕೊಳ್ಳುವಂತಾಯಿತು. ಅದು ಕಳ್ಳರ ಸೃಷ್ಟಿ. ಕೆಲವು ವಾರಗಳ ಮೇಲೆ ಅವರ ಹೆಸರಿನಲ್ಲಿ 87,000 ರೂಪಾಯಿಗೂ ಮಿಕ್ಕ ಹಣವು ಖರ್ಚಾಗಿಹೋಗಿತ್ತು. ವಿಶ್ರಾಂತಿಗಾಗಿ ಯಾವ ಆ್ಯಪನ್ನೂ ಅವಸರದಲ್ಲಿ ಹಾಕಿಕೊಳ್ಳಬಾರದು; ಕಾರ್ಡನ್ನು ಕೈಯಿಂದ ಕೈಗೆ ತೋರಿಸಿದರೆ ಸಾಕು.

ಇವೆಲ್ಲವನ್ನೂ ತಿಳಿದವರಿಗೂ ಬಾಗಿಲಲ್ಲಿ ತೊಡಕಾಗುವುದುಂಟು. ಕುದಾಪುರದ ಕಡೆಯ ವೃದ್ಧ ದಂಪತಿಗಳು ಮಗಳ ಬಾಣಂತನಕ್ಕಾಗಿ ಜರ್ಮನಿಗೆ ಹೊರಟಿದ್ದರು. ಯಜಮಾನರು ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಮಗನು ತನ್ನ ಖಾತೆಯ ಮೇಲೆ ತಂದೆಯ ಹೆಸರಿಗೊಂದು ಕಾರ್ಡು ಮಾಡಿಸಿ, ಒಳಗೆ ಹೋಗಿ ಊಟ ಮಾಡಿ ಕಾಲು ಚಾಚಿ ಮಲಗುವಂತೆ ಹೇಳಿ ಕಳುಹಿಸಿದ್ದನು. ತಪಾಸಣೆಗಳೆಲ್ಲ ಮುಗಿದು ಲೌಂಜಿನ ಬಾಗಿಲಿಗೆ ಬಂದಾಗ ನಡುರಾತ್ರಿಯಾಗಿತ್ತು. ಅಲ್ಲಿದ್ದ ಹುಡುಗಿ ವಿನಯದಿಂದಲೇ ಹೇಳಿದಳು: ಈ ಕಾರ್ಡಿಗೆ ಒಬ್ಬರು, ಇನ್ನೊಬ್ಬರದು ಪ್ರತ್ಯೇಕ. ಆ ಪ್ರತ್ಯೇಕವು ಸಾವಿರಗಳ ಲೆಕ್ಕದಲ್ಲಿತ್ತು. ಯಜಮಾನರು ಜೇಬಿಗೆ ಕೈಹಾಕಿದರು. ಮೊಳಕಾಲ್ಮೂರಿನ ಸೀರೆಯುಟ್ಟು ಬೆನ್ನ ಹಿಂದೆ ನಿಂತಿದ್ದ ಆಕೆ ತಡೆದರು.

“ಒಂದು ಹೊತ್ತಿನ ಕುರ್ಚಿಗೆ ಅಷ್ಟು ಕೊಡುತ್ತಾರೆಯೆ? ನಿಮಗೆ ಸೊಂಟ ಹಿಡಿದಿದೆ, ನೀವು ಹೋಗಿ ಮಲಗಿ ಬನ್ನಿ. ಚೀಲ ನಾನು ನೋಡಿಕೊಂಡಿರುತ್ತೇನೆ.”

ಬಾಗಿಲಲ್ಲಿ ಚರ್ಚೆಗೆ ನಿಲ್ಲಲು ಹಿಂದಿನವರ ಸಾಲು ಬಿಡುವಂತಿರಲಿಲ್ಲ. ಅವರು ಒಳಕ್ಕೆ ಹೋದರು; ಕಾಲುಗಂಟೆಯೊಳಗೆ ಹೊರಕ್ಕೆ ಬಂದರು.

“ಏನು, ಇಷ್ಟು ಬೇಗ?”

“ಊಟ ಚೆನ್ನಾಗಿದೆ, ಕುರ್ಚಿ ಚೆನ್ನಾಗಿದೆ. ನೀನು ಇಲ್ಲಿ ಕೂತಿರುವಾಗ ಅನ್ನ ಇಳಿಯಲಿಲ್ಲ. ರೊಟ್ಟಿ ಗಂಟು ಎಲ್ಲಿ?”

ಗೇಟಿನ ಬಳಿಯ ಲೋಹದ ಕುರ್ಚಿಗಳ ಮೇಲೆ ಕುಳಿತು ಇಬ್ಬರೂ ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ತಿಂದರು. ಈ ಸಂಗತಿಯನ್ನು ಕೇಳಿದವರು ದಾಂಪತ್ಯವೆಂದರೆ ಇದೆಂದು ಹೊಗಳಬಹುದು. ಹೊಗಳಿಕೆಯಿಂದ ಸೊಂಟದ ನೋವು ಹೋಗುವುದಿಲ್ಲ. ಅದು ಜರ್ಮನಿಯವರೆಗೂ ಅವರೊಡನೆ ಹೋಯಿತು. ಆ ರಾತ್ರಿ ಅವರಿಗೆ ನಿಜವಾಗಿ ಮಲಗುವ ಸ್ಥಳ ಬೇಕಾಗಿತ್ತು, ಆಕೆಗೂ ಬೇಕಾಗಿತ್ತು. ಮಗನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕಾರ್ಡಿಗೆ ಮೂರು ತಿಂಗಳಲ್ಲಿ ಎಷ್ಟು ಸಲ ಪ್ರವೇಶವೆಂದು ಅವನು ಓದಿಕೊಂಡಿದ್ದನು. ಒಂದು ಸಲಕ್ಕೆ ಎಷ್ಟು ಮಂದಿ ಎಂಬುದನ್ನು ನೋಡಿರಲಿಲ್ಲ.

ಒಬ್ಬರಿಗೆ ಸಾಲುವ ಅನುಕೂಲವನ್ನು ಇಬ್ಬರ ಮುಂದೆ ಇಟ್ಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ದಾರುಣವಾದ ದೃಷ್ಟಾಂತವಿದೆ. 2024ರ ಫೆಬ್ರವರಿಯಲ್ಲಿ ಮುಂಬಯಿಯ ವಿಮಾನನಿಲ್ದಾಣದಲ್ಲಿ, ನ್ಯೂಯಾರ್ಕಿನಿಂದ ಬಂದಿಳಿದ 80 ವರ್ಷದ ವೃದ್ಧರೊಬ್ಬರೂ ಅವರ ಪತ್ನಿಯೂ ಗಾಲಿಕುರ್ಚಿಗಳನ್ನು ಮುಂಚಿತವಾಗಿ ಕೇಳಿದ್ದರು. ಬಂದುದು ಒಂದೇ. ಪತ್ನಿಯನ್ನು ಅದರಲ್ಲಿ ಕೂರಿಸಿ ಅವರು ಜೊತೆಯಲ್ಲಿ ನಡೆದರು. ದೂರದ ನಡಿಗೆಯ ಕೊನೆಯಲ್ಲಿ ಕುಸಿದು ಮೃತರಾದರು. ವಿಮಾನಯಾನದ ನಿಯಂತ್ರಣಾಧಿಕಾರಿಗಳು ಸಂಬಂಧಪಟ್ಟ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿದರು. ಲೌಂಜನ್ನು ಆರಿಸುವ ಮೊದಲು ವೃದ್ಧರಿಗಾಗಿ ಗಾಲಿಕುರ್ಚಿಯನ್ನು ಕೇಳಿಡಬೇಕು, ತಲೆಗೊಂದರಂತೆ ಕೇಳಿಡಬೇಕು, ಬಂದ ಮೇಲೆಯೇ ಹೆಜ್ಜೆಯಿಡಬೇಕೆಂದು ಹೇಳಿ ಕಳುಹಿಸಬೇಕು.

ದಣಿದವನಿಗೆ ನೆರಳು ಕೊಡುವುದಕ್ಕೆ ದಣಿವನ್ನೇ ಅರ್ಹತೆಯಾಗಿ ಎಣಿಸಿದ ಕಾಲವೊಂದಿತ್ತು. ಅಮರಕೋಶವು ‘ಪ್ರಪಾ’ ಎಂಬುದಕ್ಕೆ ‘ಪಾನೀಯಶಾಲಿಕಾ’ ಎಂಬ ಪರ್ಯಾಯವನ್ನು ಕೊಡುತ್ತದೆ. ಕನ್ನಡದ ಅರವಟ್ಟಿಗೆ ಅದೇ. ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿಯ ತೇರಿಗೆ ನಡೆದು ಬರುವವರಿಗೆ ನೀರು ಮಜ್ಜಿಗೆ ಕೊಡುವವರು ಯಾರ ಹೆಸರನ್ನೂ ಕೇಳುವುದಿಲ್ಲ. ಮೌರ್ಯ ಚಕ್ರವರ್ತಿಯಾದ ಅಶೋಕನು ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನೂ ತಂಗುದಾಣಗಳನ್ನೂ ಅರವಟ್ಟಿಗೆಗಳನ್ನೂ ಮಾಡಿಸಿ, ಅವು ಮನುಷ್ಯರಿಗೂ ಪಶುಗಳಿಗೂ ಎಂದು ಈಗ ದೆಹಲಿಯಲ್ಲಿರುವ ಸ್ತಂಭದ ಮೇಲೆ ಬರೆಯಿಸಿದ್ದಾನೆ. ಆತನ ಶಾಸನಗಳು ಕುದಾಪುರದ ನೆರೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೂ ಉಂಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬಲ್ಲಿ ಅವುಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಶೋಧಿಸಿದರು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಲಭಿಸುವುದೆಂದಲ್ಲ, ಪ್ರಯತ್ನಪಟ್ಟರೆ ಅಲ್ಪನಿಗೂ ಲಭಿಸುವುದು ಎಂಬ ಅಭಿಪ್ರಾಯವು ಬ್ರಹ್ಮಗಿರಿಯ ಬಂಡೆಯಲ್ಲಿದೆ. ತಂದೆತಾಯಿಗಳ ಸೇವೆ ಮಾಡಬೇಕೆಂಬ ಆಜ್ಞೆಯೂ ಅಲ್ಲಿಯೇ ಇದೆ.

ಲೌಂಜುಗಳು ವ್ಯಾಪಾರದ ಮನೆಗಳು. ಅವು ಅರವಟ್ಟಿಗೆಗಳಾಗಲೆಂದು ಕೇಳುವುದು ನ್ಯಾಯವಲ್ಲ. ಆದರೆ ವಿಮಾನನಿಲ್ದಾಣವೆಂಬುದು ಸಾರ್ವಜನಿಕ ಸ್ಥಾನ. 2024ರ ಡಿಸೆಂಬರಿನಲ್ಲಿ ಕಲ್ಕತ್ತೆಯ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ಎಂಬುದು ತೆರೆದು, ಹತ್ತು ರೂಪಾಯಿಗೆ ಚಹವನ್ನೂ ಹತ್ತು ರೂಪಾಯಿಗೆ ನೀರನ್ನೂ ಮಾರತೊಡಗಿತು. ಅಗ್ಗದ ಚಹವು ಬಂದ ದಾರಿಯಲ್ಲಿಯೇ, ಗೇಟುಗಳ ಬಳಿ ವೃದ್ಧರೂ ಗರ್ಭಿಣಿಯರೂ ಬೆನ್ನು ಚಾಚುವಂಥ ನಾಲ್ಕಾರು ಆಸನಗಳು ಬಂದರೆ ಯಾರ ವ್ಯಾಪಾರಕ್ಕೂ ಹಾನಿಯಿಲ್ಲ. ಅದು ಆಗುವವರೆಗೆ, ತಂದೆತಾಯಿಗಳನ್ನು ದೂರದೇಶಕ್ಕೆ ಕರೆಯಿಸಿಕೊಳ್ಳುವ ಮಕ್ಕಳು ಕಾರ್ಡಿನ ನಿಯಮಗಳನ್ನು ಅವರಿಗಿಂತ ಮುಂಚೆ ತಾವು ಓದಲಿ; ಇಬ್ಬರಿಗೂ ಪ್ರವೇಶವಿಲ್ಲದಿದ್ದರೆ ಎರಡನೆಯವರ ಹಣವನ್ನು ಊರಲ್ಲಿರುವಾಗಲೇ ಕಟ್ಟಿಬಿಡಲಿ. ಬಾಗಿಲಲ್ಲಿ ನಿಂತು ಬೆಲೆ ಕೇಳಿದ ತಾಯಿಯು ಅದನ್ನು ಎಂದಿಗೂ ಒಪ್ಪುವವಳಲ್ಲ.